ಕೊಡೆ ಮಾಮನ ಒಂಬತ್ತು ಬ್ರೆಡ್ಡು

ಈ ಕತೆಗೆ ಒಪ್ಪುವ ಗಾದೆ ಹುಡುಕಿ ಹುಡುಕಿ ಸಾಕಾಯಿತು, ಸಿಕ್ಕಿದ್ದೆಲ್ಲ ಅರ್ಧಂಬರ್ಧ. ಹಾಗಾಗಿ ಪೀಠಿಕೆಯಿಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದೇ ಮೇಲು. ತಪ್ಪೆಲ್ಲ ಗೋಡೆಯದು.

ಕೊಡೆ ರಿಪೇರಿ ಮಾಡುವ ಮಾಮನ ಕೋಣೆಗೂ ಹೊರಗಿನ ಮೆಟ್ಟಿಲಿಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಒಳಗೆ ಸೀನಿದರೆ ಹೊರಗಿನವರು ಮೂಗೊರೆಸಿಕೊಳ್ಳಬೇಕು, ಅಷ್ಟು ತೆಳು. ಹೆಂಡತಿ ಬದುಕಿದ್ದಾಗಿನ ಹಾಗೆಯೇ ಮಾಮ ಬೆಳಗ್ಗೆ ಮಂಡಿಯೂರಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ: “ಸ್ವಾಮಿ, ಇವತ್ತಿಗೆ ಒಂದು ಬ್ರೆಡ್ಡು ಕೊಡಪ್ಪ. ನಾಳೆದು ನಾಳೆ ಕೇಳ್ತೀನಿ.” ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಿದ್ದ. ಅದು ಹಲಗೆ ದಾಟುತ್ತಿರಲಿಲ್ಲ: “ಎದುರು ಕುರ್ಚಿಗೆ ಯಾರನ್ನಾದ್ರೂ ಕಳಿಸು.”

ಆ ಕುರ್ಚಿ ಖಾಲಿಯಾಗಿ ಹನ್ನೊಂದು ತಿಂಗಳಾಗಿತ್ತು. ಬ್ರೆಡ್ಡು ಮಾತ್ರ ತಪ್ಪುತ್ತಿರಲಿಲ್ಲ. ಸುಡುಬಿಸಿಲಲ್ಲೂ ಯಾರದೋ ಕೊಡೆಯ ಕಡ್ಡಿ ಮುರಿಯುತ್ತಿತ್ತು, ಆ ಕೂಲಿಯಲ್ಲಿ ಬ್ರೆಡ್ಡು ಬರುತ್ತಿತ್ತು. ನಾಳೆಗೆಂದು ಏನನ್ನೂ ಎತ್ತಿಡಬಾರದು, ಎತ್ತಿಟ್ಟರೆ ಕೊಡುವವನನ್ನೇ ಅನುಮಾನಿಸಿದ ಹಾಗೆ ಎಂಬುದು ತೀರಿಹೋದ ಹೆಂಡತಿಯ ಕಾನೂನು. ಹೀಗಾಗಿ ಸಂಜೆ ಬ್ರೆಡ್ಡು ಕಿಟಕಿಯ ಗುಬ್ಬಿಗಳ ಪಾಲು. ಅವೋ, ಹಾರುವುದನ್ನು ಬಿಟ್ಟು ಉರುಳಾಡುವಷ್ಟು ಬೆಳೆದಿದ್ದವು.

ಅವತ್ತು ಮೆಟ್ಟಿಲ ಮೇಲೆ ಮೂವರು ಕಿವಿಗೊಟ್ಟು ನಿಂತಿದ್ದರು: ಕೆಳಗಿನ ಕಟಿಂಗ್ ಶಾಪಿನ ಅಣ್ಣ, ಎದುರು ಬಾಗಿಲ ಟೈಲರಕ್ಕ, ರಿಟೈರಾದ ಮೇಷ್ಟ್ರು.

“ಸ್ವಾಮೀ... ಒಂದು ಬ್ರೆಡ್ಡು ಕೊಡಪ್ಪಾ...” ಅಣ್ಣ ಮಾಮನ ದನಿಯನ್ನೇ ಎಳೆದು ಅಣಕಿಸಿದ. “ಇವತ್ತು ಸ್ವಾಮಿ ಯಾರು ಗೊತ್ತಾ? ನಾವೇ!”

“ಸಾಕಪ್ಪಾ ಸಾಕು ಅನ್ನೋವರೆಗೂ ಕೊಡೋಣ,” ಎಂದರು ಮೇಷ್ಟ್ರು.

“ಪಾಪ ಕಣ್ರೀ,” ಎಂದ ಟೈಲರಕ್ಕನೇ ಮೊದಲ ಬ್ರೆಡ್ಡು ತಂದಳು.

ಟಕ್ ಟಕ್.

“ಬಂದೆ, ಬಂದೆ!” ಮಾಮ ಇದ್ದ ಹನ್ನೆರಡು ಕೂದಲನ್ನು ನೆತ್ತಿಯ ಎರಡೂ ಕಡೆಗೆ ಸಮನಾಗಿ ಹಂಚಿ ಬಾಚಿ, ಕುರ್ಚಿಯ ಧೂಳು ಹೊಡೆದು ಬಾಗಿಲು ತೆರೆದ. ಯಾರೂ ಇಲ್ಲ. ಹೊಸ್ತಿಲಲ್ಲೊಂದು ಬ್ರೆಡ್ಡು.

“ಸ್ತೋತ್ರ ಸ್ವಾಮಿ,” ಎಂದವನು, ಆದರೂ ಬಗ್ಗಿ ಮೆಟ್ಟಿಲ ಕೆಳಗೆ ನೋಡಿದ.

ಮತ್ತೆ ಟಕ್ ಟಕ್. ಮತ್ತೆ ಬಾಚಣಿಗೆ, ಮತ್ತೆ ಬ್ರೆಡ್ಡು. ನಾಲ್ಕನೆಯ ಸಲಕ್ಕೆ ಮಾಮ ರಿಪೇರಿಯ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹಿಂದೆಯೇ ಕಾದು ಕುಳಿತ. ಟಕ್ ಎಂದದ್ದೇ ತಡ, ನೆಗೆದ. ಕೊಡೆ ಫಟ್ಟನೆ ಬಿಚ್ಚಿಕೊಂಡು ಬಾಗಿಲಿಗೆ ಅಡ್ಡ ಸಿಕ್ಕಿಹಾಕಿಕೊಂಡಿತು. ಅದರೊಡನೆ ಕುಸ್ತಿಯಾಡಿ ಹೊರಗೆ ಬೀಳುವಷ್ಟರಲ್ಲಿ ಹೆಜ್ಜೆಸಪ್ಪಳ ಕೆಳಗಿಳಿದಿತ್ತು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಮೇಜಿನ ಮೇಲೆ ಒಂಬತ್ತು ಬ್ರೆಡ್ಡು.

“ಸ್ವಾಮಿ,” ಎಂದ ಮಾಮ, “ನಾನು ಕೇಳಿದ್ದು ಎರಡು. ನೀನು ಒಂದನ್ನೇ ಒಂಬತ್ತು ಸಲ ಕಳಿಸಿದ್ದೀಯ.”

ಹೊತ್ತು ಇಳಿಯುತ್ತಿತ್ತು. ನಾಳೆಗೆ ಎತ್ತಿಡುವ ಹಾಗಿಲ್ಲ. ಗುಬ್ಬಿಗಳು ಒಮ್ಮೆ ನೋಡಿ ಮುಖ ತಿರುಗಿಸಿದವು. ಮಾಮ ಕೊಡೆಯನ್ನು ಬಿಚ್ಚಿ ತಲೆಕೆಳಗು ಮಾಡಿ, ಒಂಬತ್ತನ್ನೂ ಅದರೊಳಗೆ ಹಾಕಿಕೊಂಡು, ಮೂವರೂ ಸೇರಿದ್ದ ಕಟಿಂಗ್ ಶಾಪಿಗೆ ಇಳಿದ.

“ನಿಮ್ಮ ದೇವರು ನಿಮಗೆ ಕಳಿಸಿದ್ದು ಮಾಮಾ, ನಾನ್ಯಾಕೆ ಮುಟ್ಲಿ?” ಎಂದ ಅಣ್ಣ.

“ಪ್ರಾರ್ಥನೆ ಮಾಡಿದೋರೇ ತಿನ್ಬೇಕು. ಕಾಪಿ ಹೊಡೆಯೋ ಹಾಗಿಲ್ಲ,” ಎಂದರು ಮೇಷ್ಟ್ರು.

ಟೈಲರಕ್ಕ ಕೊಡೆಯೊಳಗೆ ಇಣುಕಿದವಳೇ, ಅಳತೆ ಟೇಪನ್ನು ಬಾಯಿಗೆ ತುರುಕಿಕೊಂಡರೂ ತಡೆಯಲಾರದೆ ಪಕ್ಕನೆ ನಕ್ಕಳು. ಗುಟ್ಟು ಒಡೆಯಿತು.

“ದೇವರಲ್ಲ ಮಾಮಾ, ನಾವು!”

ಮಾಮ ಮೂವರ ಮುಖವನ್ನೂ ನೋಡಿದ. “ಒಂಬತ್ತು ಸಲಾನೂ ನೀವೇನಾ? ನನ್ನ ಬಾಗಿಲ ತನಕ ಬಂದಿದ್ರಾ?”

“ಹೂಂ ಮತ್ತೆ!”

“ಹಾಗಾದ್ರೆ ಬನ್ನಿ, ಒಳಗೆ ಕೂತ್ಕೊಂಡೇ ತಿನ್ನಿ.”

ಅಣ್ಣನಿಗೆ ಅರ್ಧ ಮೀಸೆಯ ಗಿರಾಕಿಯೊಬ್ಬ ಕಾಯುತ್ತಿದ್ದ. ಟೈಲರಕ್ಕನಿಗೆ ಗುಂಡಿ ಹೊಲಿಯುವುದಿತ್ತು. ಮೇಷ್ಟ್ರಿಗೆ ಪೇಪರು ಓದಿ ಮುಗಿದಿರಲಿಲ್ಲ. “ಇನ್ನೊಂದಿನ ಮಾಮಾ, ನೀವು ತಿನ್ನಿ,” ಎಂದಳು ಟೈಲರಕ್ಕ.

“ನನಗೆ ಗೋಧಿ ಆಗಲ್ಲಮ್ಮ, ಹೊಟ್ಟೆ ಕೆಡುತ್ತೆ. ಹನ್ನೆರಡು ವರ್ಷ ಆಯ್ತು ಬಿಟ್ಟು. ಬೇಯಿಸಿದ ಆಲೂಗಡ್ಡೆ ಒಂದೇ ನನಗೆ.”

“ಮತ್ತೆ ದಿನಾ ಬ್ರೆಡ್ಡು ಕೇಳ್ತೀರಲ್ಲ?”

“ಬಂದೋರ ಮುಂದೆ ಇಡೋಕೆ.”

ಈಗ ಯಾರೂ ನಗಲಿಲ್ಲ. ಮೂವರೂ ತಮ್ಮ ತಮ್ಮ ಬ್ರೆಡ್ಡನ್ನು ಎತ್ತಿಕೊಂಡು, ಬೈಸಿಕೊಂಡ ಮಕ್ಕಳ ಹಾಗೆ ಚದುರಿದರು. ಮಾಮ ಖಾಲಿ ಕೊಡೆ ಮಡಚಿಕೊಂಡು ಮೇಲೆ ಹೋಗಿ, ಕುರ್ಚಿಯ ಎದುರು ಕುಳಿತ.

ದೀಪ ಹಚ್ಚುವ ಹೊತ್ತಿಗೆ ಟಕ್ ಟಕ್.

ಈ ಸಲ ಮಾಮನಿಗೆ ಸಂಶಯವೇ ಇರಲಿಲ್ಲ. ತಲೆ ಬಾಚಿದ. ಎರಡು ತಟ್ಟೆ ಇಟ್ಟ. ಕುರ್ಚಿಯನ್ನು ಹಿಂದಕ್ಕೆಳೆದು ಸರಿಮಾಡಿ, ಬಾಗಿಲು ತೆರೆದ.

ಯಾರೂ ಇಲ್ಲ. ಹೊಸ್ತಿಲ ಮೇಲೆ ಹಬೆಯಾಡುವ ಬೇಯಿಸಿದ ಆಲೂಗಡ್ಡೆ, ಕಾಗದದ ಮಡಿಕೆಯಲ್ಲಿ ಉಪ್ಪು, ಒಂದೇ ಒಂದು ಚಮಚ. ಒಬ್ಬರಿಗೆ ಸರಿಹೋಗುವಷ್ಟು. ಮೂರು ಜೊತೆ ಕಾಲು ದಡದಡನೆ ಕೆಳಗೆ ಓಡುತ್ತಿದ್ದವು.

ಮಾಮ ಆಲೂಗಡ್ಡೆ ನೋಡಿದ, ಕುರ್ಚಿ ನೋಡಿದ. ನಗು ಶುರುವಾಯಿತು, ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

“ಕೇಳಿಸ್ತಾ?” ಕೆಳಗೆ ಅಣ್ಣ ಏದುಸಿರಿನಲ್ಲೇ ಹೇಳಿದ. “ಈ ಸಲ ಸರಿಯಾಗಿ ಕೊಟ್ವಿ ನೋಡಿ!”

ಮೂವರೂ ಹಗುರಾಗಿ ನಕ್ಕರು. ಆದರೆ ಹಲಗೆ ದಾಟಿ, ಮೆಟ್ಟಿಲಿಳಿದು, ಅವರ ನಗುವನ್ನೆಲ್ಲ ಮುಳುಗಿಸಿಬಿಟ್ಟದ್ದು ಮೇಲಿನ ಒಂಟಿ ನಗುವೇ.