ಸದರಿ ಬಾಲಕನ ಹೆಸರು

೧೯೭೮ನೇ ಇಸವಿಯಲ್ಲಿ ಮಾನ್ವಿಯೊಳಗೆ 'ಗಂಡುಮಕ್ಕಳ ನಾಮಧೇಯ ಪರಿಶೀಲನಾ ಶಾಖೆ' ಕಾರ್ಯಾರಂಭ ಮಾಡಿತು. ಹೆಣ್ಣುಮಕ್ಕಳಿಗೆ ಏನು ಹೆಸರಿಟ್ಟರೂ ಶಾಖೆಯ ಅಭ್ಯಂತರವಿರಲಿಲ್ಲ; ಅವರು ಹೇಗೂ ಕೊಟ್ಟ ಮನೆಗೆ ಹೋಗುವವರು. ಗಂಡಿನ ಹೆಸರು ಕಡತದಲ್ಲಿ ಬಹುಕಾಲ ಉಳಿಯತಕ್ಕದ್ದು. ಆದಕಾರಣ ಅದರ ಬಗ್ಗೆ ಅಧಿಕಾರಿಗಳ ವೈಯಕ್ತಿಕ ಅಭಿಪ್ರಾಯ ಪಡೆಯುವುದು ಕಡ್ಡಾಯವಾಗಿತ್ತು.

ಹಿರೇಕೊಟ್ನೆಕಲ್ಲಿನ ಕೂಲಿಕಾರ ತಾಯಣ್ಣನಿಗೆ ಮೂರು ಹೆಣ್ಣಿನ ಮೇಲೆ ಗಂಡು ಹುಟ್ಟಿತ್ತು. ಅವನಪ್ಪನನ್ನೂ ಅವನನ್ನೂ ಊರವರು ಹುಟ್ಟಿದಾಗಿನಿಂದ 'ಲೇ' ಎಂದೇ ಕರೆದಿದ್ದರು. ಮಗನನ್ನಾದರೂ ಬಾಯಿ ತುಂಬ ಕರೆಯಲೆಂದು ರಾಜಶೇಖರ ಎಂಬ ಹೆಸರು ಆರಿಸಿದ. ಅದರಲ್ಲಿ ತನ್ನ ಹೆಸರಿನ ಚೂರೂ ಇದೆಯೆಂದು ಹೆಂಡತಿ ಶೇಖಮ್ಮ ಹಿಗ್ಗಿದಳು. ತಾಯಣ್ಣ ಒಗೆದ ಅಂಗಿ ತೊಟ್ಟು ಮಾನ್ವಿಗೆ ಹೋಗಿ ಅರ್ಜಿ ಕೊಟ್ಟ.

ಗುಮಾಸ್ತ ಮರಿಸ್ವಾಮಿ ಅರ್ಜಿಯನ್ನು ಎರಡು ಸಲ ಓದಿದ.

"ಹೊಲ ಎಷ್ಟದ ನಿಂದು?"

"ಇಲ್ರೀ ಯಪ್ಪಾ."

"ಹೊಲಾನ ಇಲ್ಲ, ಹೆಸರು ಐದಕ್ಷರದ್ದು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಯಮ ಏಳರ ಪ್ರಕಾರ ಎಕರೆಗೆ ಒಂದಕ್ಷರ, ಹೊಲವಿಲ್ಲದವರಿಗೆ ಕರುಣೆಯ ಮೇರೆಗೆ ಎರಡಕ್ಷರ ಉಚಿತ ಎಂದು ತಾಳ್ಮೆಯಿಂದ ತಿಳಿಸಿದ. ಮಾರ, ಕೆಂಚ ಮುಂತಾದ ಅಚ್ಚುಕಟ್ಟಾದ ಹೆಸರುಗಳು ದಾಸ್ತಾನಿನಲ್ಲಿವೆ ಎಂದೂ ಹೇಳಿದ.

ತಾಯಣ್ಣ ಜಾಗ ಬಿಟ್ಟು ಕದಲಲಿಲ್ಲ. "ಕೂಸು ನಂದರೀ. ಹೆಸರೂ ನಾನ ಇಡತೀನ್ರೀ."

ಮರಿಸ್ವಾಮಿ ಈ ಮಾತನ್ನು ಆಕ್ಷೇಪಣೆ ಎಂದು ದಾಖಲಿಸಿಕೊಂಡು ಕಡತ ತೆರೆದ.

ಕಡತ ದೇವದುರ್ಗಕ್ಕೆ ಹೋಯಿತು. ರಾಜಶೇಖರ ಎಂಬುದು ತಮ್ಮ ಬೀಗರ ಹೆಸರಾದ್ದರಿಂದ, ಕೂಲಿಯವನ ಮಗನನ್ನು ಆ ಹೆಸರು ಹಿಡಿದು ಗದರಿಸಲು ನಾಲಗೆ ಏಳದು ಎಂದು ಅಲ್ಲಿನ ಅಧಿಕಾರಿ ಅಭಿಪ್ರಾಯಪಟ್ಟರು. ಅಲ್ಲಿಂದ ರಾಯಚೂರಿಗೆ ಹೋಯಿತು. ಅಲ್ಲಿ ಶಾಖೆಯ ಟೈಪಿಸ್ಟ್ ಸತ್ತಾರ್ ಸಾಬ್‌ಗೆ ಹೆಸರು ಹಿಡಿಸಿತು, ಆದರೆ ಅವರ ಮಷಿನ್ನಿನಲ್ಲಿ 'ಖ' ಕಿತ್ತುಹೋಗಿತ್ತು. ಹೊಸ 'ಖ' ತರಿಸಲು ಇನ್ನೊಂದು ಕಡತ ತೆರೆಯಲಾಯಿತು.

ಆರು ವರ್ಷ ಕಳೆದವು. ತಾಯಣ್ಣ ಶಕ್ತಿನಗರದಲ್ಲಿ ಗುತ್ತಿಗೆದಾರನ ಕೈಕೆಳಗೆ ಮಣ್ಣು ಹೊರುತ್ತಿದ್ದ. ತಿಂಗಳಿಗೊಂದು ದಿನ ಕೆಲಸ ಬಿಟ್ಟು ಮಾನ್ವಿಗೆ ಬಂದು ಕಚೇರಿಯ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ. ಮಂಜೂರಾಗದ ಹೆಸರು ಬಳಸಿದರೆ ಅರ್ಜಿ ವಜಾ ಎಂದು ಮರಿಸ್ವಾಮಿ ಎಚ್ಚರಿಸಿದ್ದರಿಂದ ಮನೆಯಲ್ಲಿ ಮಗನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಶೇಖಮ್ಮ ಮಾತ್ರ, ಆಚೀಚೆ ನೋಡಿ, ಒಮ್ಮೊಮ್ಮೆ ಅವನ ಕಿವಿಯಲ್ಲಿ ಹೇಳುತ್ತಿದ್ದಳು.

೧೯೮೪ರಲ್ಲಿ ಆದೇಶ ಬಂತು: "ಹೆಸರಿನ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ ಮುಂದೂಡಲಾಗಿದೆ. ಸದರಿ ಬಾಲಕನನ್ನು ಶಾಲೆಗೆ ಸೇರಿಸಿಕೊಳ್ಳತಕ್ಕದ್ದು."

ಹೆಡ್‌ಮಾಸ್ತರರು ಕನ್ನಡಕ ಏರಿಸಿ ಓದಿದರು. ಬಾಲಕ ಅಂದರೆ ಹುಡುಗ. ಅಂದಮೇಲೆ ಅದರ ಹಿಂದಿರುವುದೇ ಹೆಸರು ಎಂದು ತೀರ್ಮಾನಿಸಿ, ಗಂಡಸಿಗೆ ಒಪ್ಪುವಂತೆ ತಿದ್ದಿ, 'ಸದರೆಪ್ಪ, ತಂದೆ ತಾಯಣ್ಣ' ಎಂದು ಬರೆದರು. ತಾಯಣ್ಣ ಬೆರಳು ಮಡಚಿ ಎಣಿಸಿದ. ನಾಲ್ಕಕ್ಷರ. ಹೊಲವಿಲ್ಲದವನಿಗೆ ಅಷ್ಟು ಸಿಕ್ಕಿದ್ದು ತಾಲೂಕಿನಲ್ಲಿ ಅದೇ ಮೊದಲು.

ಸುದ್ದಿ ಹಬ್ಬಿತು. ತಕರಾರಿಲ್ಲದೆ ಮಂಜೂರಾಗುವ ಹೆಸರು ಇದೊಂದೇ ಎಂದು ತಿಳಿದು, ಮರುವರ್ಷ ಕುರ್ಡಿಯಲ್ಲಿ ನಾಲ್ವರು, ಮಾನ್ವಿಯಲ್ಲಿ ಒಂಬತ್ತು ಮಂದಿ ಮಕ್ಕಳಿಗೆ ಸದರೆಪ್ಪ ಎಂದೇ ಹೆಸರಿಟ್ಟರು. ಶಾಖೆ ತನ್ನ ವಾರ್ಷಿಕ ವರದಿಯಲ್ಲಿ ಸಂತೃಪ್ತಿ ವ್ಯಕ್ತಪಡಿಸಿತು.

ಅದೇ ವರ್ಷ ಮರಿಸ್ವಾಮಿ ತನ್ನ ಮೊಮ್ಮಗನಿಗೆ ರಾಜಶೇಖರ ಎಂದು ಹೆಸರಿಟ್ಟ. ಆರು ವರ್ಷ ಕಡತದಲ್ಲಿ ಓದಿ ಓದಿ ಅದು ಮನಸ್ಸಿಗೆ ಹತ್ತಿಬಿಟ್ಟಿತ್ತು. ಅವನಿಗೆ ಏಳು ಎಕರೆ ಹೊಲವಿದ್ದುದರಿಂದ ನಿಯಮಕ್ಕೂ ಭಂಗ ಬರಲಿಲ್ಲ. ತೊಟ್ಟಿಲು ಕಾರ್ಯಕ್ಕೆ ತಾಯಣ್ಣನನ್ನೂ ಕರೆದಿದ್ದ. ತಾಯಣ್ಣ ಹೋಗಿ, ಅಂಗಳದ ಕಡೇ ಸಾಲಿನಲ್ಲಿ ಕೂತು, ಹೋಳಿಗೆ ಉಂಡು ಬಂದ.

"ಕೂಗುವಾಗ ಹೆಂಗ ಕೇಳಿಸ್ತು ಹೆಸರು?" ಎಂದು ಶೇಖಮ್ಮ ಕೇಳಿದಳು.

ತಾಯಣ್ಣ ಒಗೆದ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

"ಛಲೋ ಅದ," ಎಂದ. "ಅವರ ಮನಿಗೆ ಒಪ್ಪತದ."