ಉಗ್ಗಪ್ಪನಿಗೆ ಹೆಗ್ರಾ ತೋರಿಸಿದ್ದು

ಸೌದಿಯ ಯಾನ್ಬುವಿನಲ್ಲಿ ಅನ್ಯಾಯ ಕಂಡರೆ ಸುಮ್ಮನಿರಲಾರದ ಕನ್ನಡಿಗ ಒಬ್ಬನೇ ಒಬ್ಬ ಇದ್ದರೆ ಅದು ನಾನು! ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಪ್ಲಾಂಟಿನ ಗೋದಾಮಿನಲ್ಲಿ ನಟ್ಟು ಬೋಲ್ಟು ಕೊಡುತ್ತ ತೆಗೆದುಕೊಳ್ಳುತ್ತ, ಯಾವ ಗುರುವಿನ ಹಂಗೂ ಇಲ್ಲದೆ ಬರೆಯಲು ಕಲಿತವನು. ಊರಿನ ವಾರಪತ್ರಿಕೆಯೊಂದರಲ್ಲಿ ಆರು ವರ್ಷಗಳಿಂದ ನನ್ನ ಅಂಕಣ ಬರುತ್ತಿದೆ. ಕಂಪನಿಗಳನ್ನು ಬೈದಿದ್ದೇನೆ. ವೀಸಾ ಏಜೆಂಟರನ್ನು ಉಗಿದಿದ್ದೇನೆ. ನಕಲಿ ಕಾಗದಪತ್ರಗಳ ವಿರುದ್ಧ ಏಳು ಕಂತು ಗುಡುಗಿದ್ದೇನೆ. ಬೈಸಿಕೊಂಡವರಲ್ಲಿ ಒಬ್ಬನಿಗೂ ಕನ್ನಡ ಬಾರದ ಕಾರಣ ನನ್ನ ಕೆಲಸ ಇನ್ನೂ ಉಳಿದಿದೆ.

ಅಂಥ ನಾನು ಈ ಜನವರಿಯಲ್ಲಿ ಒಂದು ಭೀಷಣ ಪ್ರತಿಜ್ಞೆ ಮಾಡಿದೆ: ಉಗ್ಗಪ್ಪನಿಗೆ ಹೆಗ್ರಾ ತೋರಿಸದೆ ಊರಿಗೆ ಕಳಿಸುವುದಿಲ್ಲ!

ಉಗ್ಗಪ್ಪ ನಮ್ಮ ಪ್ಲಾಂಟಿನಲ್ಲಿ ಸಾರವೆ ಕಟ್ಟುವವನು. ಗೋಪುರದಷ್ಟು ಎತ್ತರಕ್ಕೆ ಪೈಪು ಜೋಡಿಸಿ ಹಲಗೆ ಹಾಸುತ್ತಾನೆ. ಬೇರೆಯವರು ಅದರ ಮೇಲೆ ನಿಂತು ವೆಲ್ಡಿಂಗ್ ಮಾಡುತ್ತಾರೆ, ಬಣ್ಣ ಹೊಡೆಯುತ್ತಾರೆ. ಕೆಲಸ ಮುಗಿದ ಮೇಲೆ ಉಗ್ಗಪ್ಪನೇ ಎಲ್ಲವನ್ನೂ ಬಿಚ್ಚುತ್ತಾನೆ. ಇಪ್ಪತ್ತೆರಡು ವರ್ಷ ಕಟ್ಟಿದ, ಇಪ್ಪತ್ತೆರಡು ವರ್ಷ ಬಿಚ್ಚಿದ. ಅವನು ಕಟ್ಟಿದ್ದರಲ್ಲಿ ಒಂದೂ ಇವತ್ತು ನಿಂತಿಲ್ಲ. ಮೂರನೆಯ ಅಂತಸ್ತಿನಿಂದ ಬಿದ್ದದ್ದರ ಗುರುತಾಗಿ ಎಡಗಾಲು ಮಾತ್ರ ಸೊಟ್ಟಗೆ ಉಳಿದಿದೆ. ಆ ಕಾಲನ್ನೇ ಕಾರಣ ಮಾಡಿ ಕಂಪನಿ ಅವನಿಗೆ ಫೈನಲ್ ಎಕ್ಸಿಟ್, ಅಂದರೆ ಮರಳಿ ಬಾರದಂತೆ ಊರಿಗೆ ಕಳಿಸುವ ಮೊಹರು, ಹೊಡೆಯಿತು. ಭಾನುವಾರ ವಿಮಾನ. ಕೈಯಲ್ಲಿ ಉಳಿದದ್ದು ಒಂದೇ ಶುಕ್ರವಾರ.

ವಿದಾಯ ಹೇಳಲು ನಮ್ಮ ಮನೆಗೆ ಬಂದವನು, ನನ್ನ ಹೆಂಡತಿ ಹರಿಣಾಕ್ಷಿ ಬಡಿಸಿದ ಬಂಗುಡೆ ಸಾರು ಉಂಡು, ಕೈ ಒರೆಸಿಕೊಂಡು ಮೊಬೈಲ್ ತೆಗೆದ.

"ಸರ್, ಇದು ನೋಡಿ. ಅಲ್‌ಉಲಾದ ಹತ್ತಿರ, ಹೆಗ್ರಾ ಅಂತ. ಒಂಟಿ ಬಂಡೆ. ನಾಲ್ಕು ಮಾಳಿಗೆಯಷ್ಟು ಎತ್ತರ. ಎರಡು ಸಾವಿರ ವರ್ಷದ ಹಿಂದಿನ ಗೋರಿ ಅಂತೆ. ತಲೆಯಿಂದ ಕೆತ್ತಲಿಕ್ಕೆ ಶುರು ಮಾಡಿ ಕೆಳಗೆ ಕೆಳಗೆ ಬಂದು, ಬುಡದಲ್ಲಿ ಅರ್ಧಕ್ಕೇ ಬಿಟ್ಟಿದ್ದಾರೆ. ಸಾರವೆ ಇಲ್ಲದೆ ಕೆತ್ತಿದ್ದು ಅಂತ ಈ ವಿಡಿಯೋದವ ಹೇಳ್ತಾನೆ. ನಾನು ಒಪ್ಪುದಿಲ್ಲ."

"ಯಾಕೆ?"

"ಮನುಷ್ಯನಿಗೆ ನಿಲ್ಲಲಿಕ್ಕೆ ಎಂತದಾದರೂ ಬೇಕಲ್ಲ ಸರ್? ಕಾಲಿಡುವ ಗುಳಿ ಇರಬೇಕು. ಮುಗಿದ ಕೆಲಸದಲ್ಲಿ ಅದು ಕಾಣುದಿಲ್ಲ, ಉಜ್ಜಿ ಬಿಡ್ತಾರೆ. ಅರ್ಧಕ್ಕೆ ನಿಂತದ್ದರ ಬುಡದಲ್ಲಿ ಇರಲೇಬೇಕು. ಅದನ್ನೊಂದು ಕಣ್ಣಾರೆ ನೋಡಿ ಹೋಗ್ಬೇಕು ಅಂತ."

ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ತನಗಾಗಿ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬುಧವಾರ ನಮ್ಮ ಡ್ರೈವರ್ ಯಹ್ಯಾನ ಲಾರಿ ಅಲ್ಲಿಗೇ ಹೋಗ್ತದೆ" ಎಂದು ಉಗ್ಗಪ್ಪ ಮುಂದುವರಿಸಿದ. "ಎಂತದೋ ಕಾರ್ಯಕ್ರಮದ ವೇದಿಕೆಗೆ ಪೈಪು ಕೊಂಡುಹೋಗುದು. ಇಳಿಸ್ಲಿಕ್ಕೆ ಬಾ ಅಂದಿದ್ದಾನೆ. ಆ ಬಂಡೆಯ ಎದುರೇ ಅಂತೆ ವೇದಿಕೆ."

"ಲಾರಿಯಲ್ಲಿ? ಪೈಪಿನ ಜೊತೆ?" ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. "ಇಪ್ಪತ್ತೆರಡು ವರ್ಷ ಬೆವರು ಸುರಿಸಿದವನು ಕೊನೆಯ ದಿನವೂ ಹಮಾಲಿಯಾಗಿ ಹೋಗಬೇಕೆ? ನನ್ನ ಜೀವ ಇರುವ ತನಕ ಇಲ್ಲ! ನೀನು ಹೋಗುವುದು ಅತಿಥಿಯಾಗಿ! ಟಿಕೆಟ್ ಹಿಡಿದು! ಎಸಿ ಬಸ್ಸಿನಲ್ಲಿ!"

ಅಲ್ಲೇ ಯಹ್ಯಾನಿಗೆ ಫೋನು ಹಚ್ಚಿ, ಉಗ್ಗಪ್ಪ ಬರುವುದಿಲ್ಲ ಎಂದು ಅವನ ಪರವಾಗಿ ನಾನೇ ಘೋಷಿಸಿಬಿಟ್ಟೆ.

ಹರಿಣಾಕ್ಷಿ ಪಾತ್ರೆ ಎತ್ತುತ್ತ ಹೇಳಿದಳು: "ಲಾರಿಯಾದರೆ ಹೋಗಿ ಮುಟ್ಟುದಾದ್ರೂ ಗ್ಯಾರಂಟಿ ಇತ್ತು."

"ಹೆಣ್ಣೇ, ನಾನು ಯೋಜನೆ ಹಾಕಿದರೆ ಸೂರ್ಯನೂ ಅದನ್ನು ನೋಡಿಕೊಂಡು ಹುಟ್ಟಬೇಕು!"

"ಅಯ್ಯೋ, ಹಾಗಾದ್ರೆ ನಾಳೆ ಕತ್ತಲೆಯೇ."

ಹೆಗ್ರಾಕ್ಕೆ ಸುಮ್ಮನೆ ಹೋಗಿ ನಿಲ್ಲುವಂತಿಲ್ಲ. ಇಂಥ ದಿನ, ಇಂಥ ಗಂಟೆ ಎಂದು ಆನ್‌ಲೈನಿನಲ್ಲಿ ಟಿಕೆಟ್ ಹಿಡಿಯಬೇಕು. ಆ ಗಂಟೆಗೆ ಸರಿಯಾಗಿ ಅವರದೇ ಬಸ್ಸು ಹೊರಡುತ್ತದೆ. ಜನವರಿಯೆಂದರೆ ಇಡೀ ಜಗತ್ತು ಅಲ್ಲಿಗೆ ನುಗ್ಗುವ ಕಾಲ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯ ಬಸ್ಸಿನಲ್ಲಿ ಮೂರೇ ಸೀಟು ಮಿನುಗುತ್ತಿದ್ದವು. ನಾವೂ ಮೂವರೇ! ಆದರೆ ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಇಕಾಮಾ ಎಂಬ ಗುರುತಿನ ಚೀಟಿಯ ನಂಬರು ತುಂಬುವಷ್ಟರಲ್ಲಿ ಸಮಯ ಮುಗಿದು ಪುಟ ಮತ್ತೆ ಮೊದಲಿಗೆ ಓಡುತ್ತಿತ್ತು. ಮೂರನೆಯ ಸಲ ನನ್ನೊಳಗಿನ ಯುದ್ಧತಂತ್ರಜ್ಞ ಎಚ್ಚೆತ್ತ. ನನಗೆ ಬಾಯಿಪಾಠವಿದ್ದದ್ದು ನನ್ನ ನಂಬರು. ಮೂರೂ ಸೀಟಿಗೆ ನನ್ನದೇ ಹೆಸರು, ನನ್ನದೇ ನಂಬರು ಕುಟ್ಟಿದೆ. ಟಣ್ ಎಂದು ಟಿಕೆಟ್ ಬಂತು!

"ನನ್ನ ಹೆಸರು ಎಲ್ಲಿ?" ಎಂದು ಹರಿಣಾಕ್ಷಿ ಪರದೆಗೆ ಇಣುಕಿದಳು.

"ದಂಡನಾಯಕನ ಹೆಸರಿದ್ದರೆ ದಂಡು ಒಳಗೆ ಹೋಗುತ್ತದೆ."

ಪ್ರಯಾಣದ ವೇಳಾಪಟ್ಟಿ ನಿಮಿಷಕ್ಕೆ ನಿಮಿಷ ಸಿದ್ಧವಾಯಿತು. ಎಂಟೂವರೆಗೆ ಹೊರಡುವುದು, ಹನ್ನೊಂದಕ್ಕೆ ಪೆಟ್ರೋಲ್, ಹನ್ನೊಂದೂ ಹತ್ತಕ್ಕೆ ಮರಳಿ ರಸ್ತೆ, ಹನ್ನೆರಡೂ ಮುಕ್ಕಾಲಿಗೆ ಹರಿಣಾಕ್ಷಿಯ ನೀರುದೋಸೆ, ಒಂದೂ ಹದಿನೈದಕ್ಕೆ ಟಿಕೆಟ್ ಕೌಂಟರು. ಮೂರು ಪ್ರತಿ ತೆಗೆದು ಹಂಚಿದೆ. ಉಗ್ಗಪ್ಪ ಅದನ್ನು ಮಡಚಿ ಅಂಗಿಯ ಜೇಬಿನಲ್ಲಿ ಪಾಸ್‌ಪೋರ್ಟಿನಷ್ಟೇ ಭಯದಿಂದ ಇಟ್ಟುಕೊಂಡ. ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಎಂಟು ಗಂಟೆಗೇ ನಮ್ಮ ಕಟ್ಟಡದ ಕೆಳಗೆ ನಿಂತಿದ್ದ.

ಹನ್ನೊಂದಕ್ಕೆ ಸರಿಯಾಗಿ ಪೆಟ್ರೋಲ್ ಪಂಪು! ಸುತ್ತ ಮರಳು, ನಡುವೆ ನಾಲ್ಕು ಪಂಪು. ನಾಲ್ಕಕ್ಕೂ ಒಬ್ಬನೇ ಮನುಷ್ಯ, ಹೆಸರು ಅಬ್ದುಲ್ ಜಲೀಲ್, ಢಾಕಾ ಕಡೆಯವನು. ಆಚೆಯಿಂದ ಈಚೆಗೆ ಓಡುತ್ತಿದ್ದ. ಕೈಯಲ್ಲಿ ಅರ್ಧ ತಿಂದ ಖುಬ್ಬೂಸ್ ರೊಟ್ಟಿ. ಮೇಲ್ವಿಚಾರಕನೊಬ್ಬ ಗಾಜಿನ ಕೋಣೆಯಿಂದ ಹೊರಬಂದು ಆ ರೊಟ್ಟಿಯನ್ನು ಕಿತ್ತು ಡಬ್ಬಕ್ಕೆ ಎಸೆದ.

ನಾನು ಇಳಿದೆ.

"ರೀ! ಇಳಿಯಬೇಡಿ!" ಹರಿಣಾಕ್ಷಿಯ ಕೂಗು ಕಾರಿನ ಬಾಗಿಲಿನಲ್ಲಿ ಸಿಕ್ಕಿಕೊಂಡಿತು. "ಹನ್ನೊಂದೂ ಹತ್ತಕ್ಕೆ ರಸ್ತೆ ಅಂತ ನೀವೇ ಬರೆದದ್ದು!"

ಎಲ್ಲಿಯ ವೇಳಾಪಟ್ಟಿ! ಮನುಷ್ಯನ ಬಾಯಿಯಿಂದ ತುತ್ತು ಕಿತ್ತದ್ದನ್ನು ನೋಡಿ ಸುಮ್ಮನಿರಲೆ? ಮೇಲ್ವಿಚಾರಕನ ಎದುರು ನಿಂತು ಹಿಂದಿಯಲ್ಲಿ ಶುರು ಮಾಡಿ, ಇಂಗ್ಲಿಷಿನಲ್ಲಿ ಏರಿ, ಅರಬ್ಬಿಯಲ್ಲಿ ಮುಗ್ಗರಿಸಿ, ಕೊನೆಗೆ ಶುದ್ಧ ಕನ್ನಡದಲ್ಲಿ ಗುಡುಗಿದೆ. ಅವನು ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದ. ಮಧ್ಯೆ ಅಬ್ದುಲ್ ಜಲೀಲ್ ಎರಡು ಸಲ ಬಂದು ನನ್ನ ತೋಳು ಹಿಡಿದ.

"ಭಾಯ್, ಕಾಲಿಗೆ ಬೀಳ್ತೇನೆ, ಎಣ್ಣೆ ಹಾಕಿಸಿಕೊಂಡು ಹೋಗಿ. ನೀವು ಹೋಗ್ತೀರಿ. ನಾನು ಇಲ್ಲೇ ಇರಬೇಕು."

"ಹೆದರಬೇಡ! ನಿನ್ನ ಹಿಂದೆ ನಾನಿದ್ದೇನೆ!"

ನಾನಿದ್ದದ್ದು ಐವತ್ತು ನಿಮಿಷ. ಅಷ್ಟರಲ್ಲಿ ಜುಮಾ ನಮಾಜಿನ ಹೊತ್ತಾಯಿತು. ಮೇಲ್ವಿಚಾರಕ ಆಕಳಿಸಿ ಸ್ವಿಚ್ ಆರಿಸಿದ. ಪಂಪು ಬಂದ್! ನಮ್ಮ ಟ್ಯಾಂಕು ಖಾಲಿ! ನನ್ನ ಕ್ರಾಂತಿಯ ನಡುವೆ ಪೆಟ್ರೋಲ್ ಹಾಕಿಸುವುದೇ ಮರೆತುಹೋಗಿತ್ತು. ಮತ್ತೆ ಪಂಪು ತೆರೆದದ್ದು ಒಂದು ಗಂಟೆ ದಾಟಿದ ಮೇಲೆ. ಆಗ ಪೆಟ್ರೋಲ್ ಹಾಕಲು ಬಂದವನು ಬೇರೆ ಯಾರೋ.

"ಜಲೀಲ್ ಎಲ್ಲಿ?" ಎಂದೆ.

"ಕೋಣೆಗೆ ಕಳಿಸಿದ್ದಾರೆ. ಸಾಮಾನು ಕಟ್ಟಲಿಕ್ಕೆ."

ಕಾರು ಮತ್ತೆ ರಸ್ತೆಗಿಳಿಯಿತು. ನೀರುದೋಸೆಯ ಡಬ್ಬ ತೆರೆಯಲಿಲ್ಲ. ಇನ್ನೂ ನೂರೈವತ್ತು ಕಿಲೋಮೀಟರು. ಉಗ್ಗಪ್ಪ ಹಿಂದಿನ ಸೀಟಿನಲ್ಲಿ ವೇಳಾಪಟ್ಟಿ ಬಿಡಿಸಿ, ಮತ್ತೆ ಮಡಚಿ, ಮತ್ತೆ ಬಿಡಿಸುತ್ತಿದ್ದ.

ಕೌಂಟರು ಮುಟ್ಟಿದಾಗ ಎರಡೂ ಮೂವತ್ತೈದು. ಅಲ್ಲಿ ಕೂತಿದ್ದ ಮರ್ಯಮ್ ಎಂಬ ಹುಡುಗಿ ಬಹಳ ಮರ್ಯಾದಸ್ಥೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ.

"ನಿಮ್ಮ ಬಸ್ಸು ಎರಡಕ್ಕೇ ಹೋಯಿತು, ಸರ್. ಇವತ್ತು ಉಳಿದದ್ದೆಲ್ಲ ತುಂಬಿದೆ. ಮುಂದಿನ ಶುಕ್ರವಾರ ನೋಡಲೇ?"

"ಮುಂದಿನ ಶುಕ್ರವಾರ ಇವನು ಈ ದೇಶದಲ್ಲೇ ಇರುವುದಿಲ್ಲ!"

ಮರ್ಯಮ್ ಉಗ್ಗಪ್ಪನನ್ನು ನೋಡಿದಳು. ಬಿಳಿ ಅಂಗಿಯನ್ನೂ, ಸೊಟ್ಟ ಕಾಲನ್ನೂ ನೋಡಿದಳು. ಬಹಳ ಹೊತ್ತು ಕೀಲಿಮಣೆ ಕುಟ್ಟಿದಳು.

"ಮೂರು ಗಂಟೆಗೆ ಒಂದು ಸೀಟು ಈಗಷ್ಟೇ ರದ್ದಾಗಿದೆ. ನಿಮ್ಮ ಮೂರು ಟಿಕೆಟಿನಲ್ಲಿ ಒಂದನ್ನು ಅದಕ್ಕೆ ಬದಲಾಯಿಸಿ ಕೊಡುತ್ತೇನೆ."

ಉಗ್ಗಪ್ಪನ ಮುಖ ಅರಳಿತು! ಹರಿಣಾಕ್ಷಿ ಅವನ ಬೆನ್ನು ತಟ್ಟಿದಳು. ನಾನು ಕೈ ಎತ್ತಿ ಆಕಾಶಕ್ಕೆ ವಂದಿಸಿದೆ.

"ಆದರೆ" ಎಂದಳು ಮರ್ಯಮ್, ಪರದೆಗೆ ಕಣ್ಣು ಕಿರಿದು ಮಾಡಿ, "ಮೂರೂ ಟಿಕೆಟಿನಲ್ಲಿ ಒಂದೇ ಹೆಸರಿದೆಯಲ್ಲ? ಹೆಸರನ್ನು ಅದೇ ದಿನ ಬದಲಿಸಲು ಬರುವುದಿಲ್ಲ. ಬಸ್ಸಿನ ಬಾಗಿಲಲ್ಲಿ ಇಕಾಮಾ ನೋಡುತ್ತಾರೆ."

ಮೊಬೈಲ್ ತೆಗೆದು ನೋಡಿದೆ: ಮೂರರಲ್ಲೂ ನಾನೇ!

ಹರಿಣಾಕ್ಷಿ ನನ್ನನ್ನು ಕಂಬದ ಮರೆಗೆ ಎಳೆದಳು. "ನಿಮ್ಮ ಇಕಾಮಾ ಉಗ್ಗಪ್ಪಣ್ಣನಿಗೆ ಕೊಡಿ. ಇಬ್ಬರಿಗೂ ಮೀಸೆ ಉಂಟು, ಬೊಕ್ಕ ತಲೆ ಉಂಟು. ಹತ್ತು ವರ್ಷದ ಹಿಂದಿನ ಫೋಟೋ, ಯಾರು ಗುರ್ತ ಹಿಡಿತಾರೆ?"

ಉಗ್ಗಪ್ಪ ಅಂಗಿಯ ತೋಳು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಕೈ ಸ್ವಲ್ಪ ಚಾಚಿದ ಹಾಗೂ ಇತ್ತು.

ಆಗ ಜಾಗೃತವಾಯಿತು ನನ್ನ ಆತ್ಮಸಾಕ್ಷಿ!

"ಸುಳ್ಳು ಗುರುತಿನಲ್ಲಿ ಪ್ರವೇಶ? ನಾನು? ನಕಲಿ ಕಾಗದದ ವಿರುದ್ಧ ಏಳು ಕಂತು ಬರೆದ ಈ ಕೈಯಿಂದ?"

"ಮೂರು ಕಡೆ ನಿಮ್ಮದೇ ಹೆಸರು ಕುಟ್ಟಿದಾಗ ಅದು ಸುಳ್ಳಾಗ್ಲಿಲ್ವಾ?"

"ಅದು ತಾಂತ್ರಿಕ ಅನಿವಾರ್ಯತೆ!"

ಉಗ್ಗಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಬಿಡಿ ಅಕ್ಕ. ಸರ್ ಹೇಳುದು ಸರಿ. ಎಕ್ಸಿಟಿನ ಹೊತ್ತಿಗೆ ಗಲಾಟೆ ಬೇಡ."

ನಿಜ, ಸಿಕ್ಕಿಬಿದ್ದಿದ್ದರೆ ಅವನ ವಿಮಾನಕ್ಕೇ ಕುತ್ತು. ಆದರೆ ಆ ಮಾತು ನನಗೆ ಹೊಳೆದದ್ದು ಅವನು ಹೇಳಿದ ಮೇಲೆ. ಹೊಳೆದ ಕೂಡಲೇ ಅದೇ ನನ್ನ ಕಾರಣ ಎಂಬಂತೆ ಗಂಭೀರವಾಗಿ ತಲೆಯಾಡಿಸಿದೆ.

ಇನ್ನು ಉಳಿದದ್ದು ಸೀಟು. ಅದು ಖಾಲಿ ಹೋಗಬೇಕೆ? ನಾನು ಹೋಗಲಾರೆ ಎಂದು ಒಂದು ಸಲ ಹೇಳಿದೆ. ಯಾರೂ ಒತ್ತಾಯ ಮಾಡಲಿಲ್ಲ. ಹಾಗಾಗಿ ನಾನೇ ಮಾಡಿಕೊಂಡೆ.

"ನಾನು ಸಾಕ್ಷಿಯಾಗಿ ಹೋಗುತ್ತೇನೆ, ಉಗ್ಗಪ್ಪ! ನನ್ನ ಕಣ್ಣೇ ಇವತ್ತು ನಿನ್ನ ಕಣ್ಣು!"

"ಹೋಗಿ ಹೋಗಿ" ಎಂದಳು ಹರಿಣಾಕ್ಷಿ. "ಆತ್ಮಸಾಕ್ಷಿಗೆ ಎಸಿ ಬಸ್ಸು ಸಿಕ್ಕಿತಲ್ಲ."

ಉಗ್ಗಪ್ಪ ಮಾತ್ರ ಬಸ್ಸಿನ ಮೆಟ್ಟಿಲಿನ ತನಕ ಕುಂಟುತ್ತ ಬಂದ. "ಸರ್, ಆ ಒಂಟಿ ಬಂಡೆಯ ಬುಡ ನೋಡಿ. ಎಡಗಡೆ, ಬಲಗಡೆ. ಗುಳಿ ಉಂಟಾ, ಮೆಟ್ಟಿಲಿನ ಹಾಗೆ ಎಂತದಾದ್ರೂ ಉಂಟಾ. ಅಷ್ಟೇ ನೋಡಿ, ಸಾಕು."

ಎರಡು ಗಂಟೆಯ ಆ ಪ್ರವಾಸದಲ್ಲಿ ನಾನು ಕೈ ಕಟ್ಟಿ ಕೂರಲಿಲ್ಲ ಓದುಗರೇ! ಬಸ್ಸಿನಲ್ಲಿಯೇ ಅಂಕಣ ಶುರು ಮಾಡಿದೆ. ಮೊಬೈಲಿನಲ್ಲಿ ಬೆರಳು ಓಡುತ್ತಿತ್ತು. ಸತ್ತ ಶ್ರೀಮಂತರಿಗೆ ಶಿಲೆಯ ಅರಮನೆ, ಬದುಕಿರುವ ಬಡವನಿಗೆ ಬಸ್ಸಿನ ಬಾಗಿಲೂ ಇಲ್ಲ! ಎಂಥ ಸಾಲು! ಮಾರ್ಗದರ್ಶಿ ಒಂದೊಂದು ಗೋರಿಯ ಎದುರು ನಿಲ್ಲಿಸಿ ವಿವರಿಸುತ್ತಿದ್ದ. ನಾನು ವಿಶೇಷಣ ಹುಡುಕುತ್ತಿದ್ದೆ. ಕೊನೆಗೆ ಬಂತು ಒಂಟಿ ಬಂಡೆ. ಇಳಿಬಿಸಿಲಿಗೆ ಕೆಂಡದ ಹಾಗೆ ಉರಿಯುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟರು. ಪತ್ರಿಕೆಗೆ ಫೋಟೋ ಬೇಡವೆ? ಇಟಲಿಯ ಪ್ರವಾಸಿಯೊಬ್ಬನ ಕೈಗೆ ಮೊಬೈಲ್ ಕೊಟ್ಟು, ಕೈ ಕಟ್ಟಿ ನಿಂತೆ. ಸೊಂಟಕ್ಕೆ ಕೈಯಿಟ್ಟು ನಿಂತೆ. ದಿಗಂತ ನೋಡುತ್ತ ನಿಂತೆ. ಸಿಟ್ಟಿನ ಮುಖ ಸರಿಯಾಗಿ ಬರಲಿಲ್ಲವೆಂದು ಮತ್ತೆ ನಿಂತೆ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು.

ಐದು ಗಂಟೆಗೆ ಮರಳಿದಾಗ ಉಗ್ಗಪ್ಪ ಪಾರ್ಕಿಂಗ್ ಜಾಗದ ಸರಪಳಿಯ ಹತ್ತಿರ ನಿಂತೇ ಇದ್ದ. ಕಾರಿನಲ್ಲಿ ಕೂರಲೇ ಇಲ್ಲವೆಂದು ಹರಿಣಾಕ್ಷಿ ಆಮೇಲೆ ಹೇಳಿದಳು.

"ಉಂಟಾ ಸರ್?"

"ಅದ್ಭುತ, ಉಗ್ಗಪ್ಪ! ವರ್ಣಿಸಲು ಮಾತೇ ಸಾಲದು!"

"ಗುಳಿ ಉಂಟಾ?"

ಬಾಯಿ ತೆರೆದೆ. ಕಣ್ಣೆದುರು ಬಂದದ್ದು ನನ್ನ ಅಂಕಣದ ಮೊದಲ ಸಾಲು. ಬಂಡೆಯ ತಲೆ ನೆನಪಿತ್ತು, ಬಣ್ಣ ನೆನಪಿತ್ತು. ಬುಡ? ಬುಡದಲ್ಲಿ ನಾನು ನಿಂತಿದ್ದೆ.

"ಅದು... ಹೇಗೆಂದರೆ... ಎಡಗಡೆ..."

"ನೋಡ್ಲೇ ಇಲ್ವಾ?" ಎಂದಳು ಹರಿಣಾಕ್ಷಿ.

"ಫೋಟೋ ಇದೆ! ಮೂವತ್ತೆಂಟು ಫೋಟೋ!"

ಮೊಬೈಲನ್ನು ಉಗ್ಗಪ್ಪನ ಕೈಗೆ ತುರುಕಿದೆ. ಅವನು ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಡಿದ. ಪೈಪು ಹಿಡಿದು ಚಪ್ಪಟೆಯಾದ ಬೆರಳುಗಳಿಂದ ಒಂದೊಂದನ್ನೂ ದೊಡ್ಡದು ಮಾಡಿ, ನನ್ನ ಮೊಣಕೈಯ ಸಂದಿಯಲ್ಲಿ, ನನ್ನ ಎರಡು ಕಾಲಿನ ನಡುವೆ, ನನ್ನ ಹೊಟ್ಟೆಯ ಪಕ್ಕದಲ್ಲಿ ಹುಡುಕಿದ. ಮೂವತ್ತೆಂಟನ್ನೂ ನೋಡಿದ. ಮತ್ತೆ ಮೊದಲಿಂದ ನೋಡಿದ. ಹಿಂದೆ ಮಲೆಗಳ ಮೇಲೆ ಬೆಳಕು ಆರುತ್ತಿತ್ತು.

ಆಮೇಲೆ ಮೊಬೈಲನ್ನು ಬಹಳ ಜೋಪಾನವಾಗಿ ನನ್ನ ಕೈಗಿಟ್ಟು, ಬೇಸರವೇನೂ ಇಲ್ಲದ ದನಿಯಲ್ಲಿ ಹೇಳಿದ:

"ಸ್ವಲ್ಪ ಆಚೆ ಸರಿದು ನಿಂತಿದ್ರೆ ಆಗ್ತಿತ್ತು ಸರ್."