ಲಿಂಡೆಲನ ಸೊಂಟದ ಗುಟ್ಟು

ಬುಧವಾರ ಬೆಳಿಗ್ಗೆ ಲಿಂಡೆಲ್ ಪ್ರೂಯಿಟ್ ಬೂಟಿನ ದಾರ ಕಟ್ಟಲು ಬಗ್ಗಿದ. ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡಿದ್ದ ಪಿಸ್ತೂಲು ಹೊಟ್ಟೆಯ ಮಡಿಕೆಗೆ ಸರಿಯಾಗಿ ತಿವಿಯಿತು. "ಅಯ್ಯಪ್ಪಾ" ಎಂದು ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿದು, ಮೇಜಿನ ಮೇಲಿದ್ದ ಕಾಫಿಯೆಲ್ಲ ಹೆಂಡತಿ ವರ್ಲೀನಳ ತಟ್ಟೆಯ ಮೊಟ್ಟೆಗೆ ಅಭಿಷೇಕವಾಯಿತು.

ವರ್ಲೀನ್ ಮೊಟ್ಟೆಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಆ ಪ್ಯಾಂಟು ತಗೊಂಡಿದ್ದು ಒಬ್ಬನಿಗೆ ಅಂತ, ಲಿಂಡೆಲ್. ಅದೂ ತೆಳ್ಳಗಿದ್ದ ಒಬ್ಬನಿಗೆ. ಈಗ ನೀನೂ ಇದೀಯ, ನಿನ್ನ ಹೊಟ್ಟೇನೂ ಇದೆ. ಮಧ್ಯ ಪಿಸ್ತೂಲೂ ತುರುಕಿದ್ರೆ ಅದಾದ್ರೂ ಎಲ್ಲಿಗೆ ಹೋಗ್ಬೇಕು?"

"ಒಳಗಿದ್ರೆ ಯಾರಿಗೂ ಕಾಣಲ್ಲ ಕಣೇ."

"ಪಿಸ್ತೂಲು ಕಾಣಲ್ಲ. ನೀನು ಘಳಿಗೆಗೊಂದ್ಸಲ ಪ್ಯಾಂಟು ಎತ್ಕೊಂಡು ಮುಖ ಹಿಂಡ್ತೀಯಲ್ಲ, ಅದು ಕಾಣತ್ತೆ. ಹೋದ ಭಾನುವಾರ ಚರ್ಚಲ್ಲಿ ಹಿಂದಿನ ಬೆಂಚಿನವಳು ನನ್ನ ಕರೆದು, ಮೂಲವ್ಯಾಧಿಗೆ ಒಳ್ಳೇ ಮುಲಾಮಿದೆ ಅಂತ ಹೇಳಿ ಹೋದ್ಲು. ಹೊರಗೆ ಬೆಲ್ಟಿಗೆ ಕಟ್ಕೋ. ಮೇಲೆ ದೊಗಲೆ ಅಂಗಿ ಹಾಕ್ಕೋ. ಅದಕ್ಕೊಂದು ನೆಟ್ಟಗಿರೋ ಒರೆ ಹುಡುಕು. ಇವತ್ತು ಸಂಜೆಯೊಳಗೆ."

ಇವತ್ತು ಸಂಜೆ ಎಂದು ಅವಳು ಒತ್ತಿ ಹೇಳಿದ್ದಕ್ಕೆ ಕಾರಣವಿತ್ತು. ಒಕ್ಲಹೋಮದ ಆ ಪುಟ್ಟ ಊರು ವಾಲ್‌ನಟ್ ಫೋರ್ಕ್‌ನ ಚರ್ಚಿನಲ್ಲಿ ಬಾಗಿಲ ಕಾವಲಿನ ಜಾಗ ಖಾಲಿಯಾಗಿತ್ತು. ಇದ್ದವನು ಮಗಳ ಊರಿಗೆ ಹೊರಟುಹೋಗಿದ್ದ. ಭಾನುವಾರ ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕುತ್ತ, ಕಣ್ಣಂಚಿನಲ್ಲಿ ರಸ್ತೆಯನ್ನೂ ನೋಡಿಕೊಳ್ಳುವ ಕೆಲಸ. ಸಂಬಳವಿಲ್ಲ, ಗೌರವ ಮಾತ್ರ. ಕಾವಲಿನವರ ಮುಖ್ಯಸ್ಥ, ಹಿಂದೆ ಶೆರಿಫ್ ಕಚೇರಿಯಲ್ಲಿ ಪೊಲೀಸನಾಗಿದ್ದ ಹಾಯ್ಟ್ ಟ್ಯಾಕೆಟ್, ಬುಧವಾರದ ಚರ್ಚಿನ ಊಟದಲ್ಲೇ ಪರೀಕ್ಷೆ ಎಂದು ಸಾರಿದ್ದ.

"ಮೈಮೇಲೆ ಪಿಸ್ತೂಲು ಇರ್ಬೇಕು. ಕಣ್ಣಿಗೆ ಬೀಳ್ಬಾರದು, ಕೈಗೂ ಸಿಗ್ಬಾರದು. ಊಟ ಮುಗಿಯೋವರೆಗೂ ಯಾರಿಗೂ ಗೊತ್ತಾಗದ ಹಾಗೆ ಇದ್ದೋನಿಗೆ ಬಾಗಿಲು."

ಕಣ್ಣಿನದೇನೋ ಸರಿ. ಕೈಯದೇ ಕಷ್ಟ. ಆ ಚರ್ಚಿನಲ್ಲಿ ಹತ್ತು ಜನರಿಂದ ಅಪ್ಪಿಸಿಕೊಳ್ಳದೆ ಯಾರೂ ಊಟದ ತಟ್ಟೆ ಮುಟ್ಟಲಾರರು. ಅಪ್ಪುವವರ ಕೈ ಬಂದು ನಿಲ್ಲುವುದು ನೇರವಾಗಿ ಸೊಂಟದ ಮೇಲೆ.

ಲಿಂಡೆಲನಿಗೆ ಆ ಬಾಗಿಲು ಬೇಕಿತ್ತು. ಐವತ್ತು ದಾಟಿದ ಅವನನ್ನು ಈವರೆಗೆ ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಶಾಲೆಯಲ್ಲಿ ಆಟಕ್ಕೆ ಗುಂಪು ಕಟ್ಟುವಾಗ ಕೊನೆಗೆ ಅವನೊಬ್ಬ ಉಳಿಯುತ್ತಿದ್ದ. ಆಗ ಎರಡೂ ಕಡೆಯವರು "ನೀವೇ ಇಟ್ಕೊಳ್ಳಿ" ಎಂದು ಧಾರಾಳತನ ತೋರಿಸುತ್ತಿದ್ದರು.

ಅವನು ಕೆಲಸ ಮಾಡುತ್ತಿದ್ದದ್ದು ದನದ ಮೇವು, ಬೀಜ, ಗೊಬ್ಬರ ಮಾರುವ ಅಂಗಡಿಯಲ್ಲಿ. ಜೊತೆಗಾರ ಓಡೆಲ್‌ನ ಕಿವಿಗೆ ವಿಷಯ ಬಿದ್ದದ್ದೇ ತಡ, ಅವನು ತನ್ನ ಗಾಡಿಗೆ ಓಡಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದ. ತುಂಬ ಒರೆಗಳು. ಆ ಸೀಮೆಯಲ್ಲಿ ಪಿಸ್ತೂಲು ಇಟ್ಟುಕೊಂಡ ಪ್ರತಿಯೊಬ್ಬನ ಮನೆಯಲ್ಲೂ ಹೀಗೊಂದು ಪೆಟ್ಟಿಗೆ ಇರುತ್ತದೆ. ಆಸೆಪಟ್ಟು ಕೊಂಡು, ಒಂದು ವಾರ ಕಟ್ಟಿ, ಸೊಂಟ ನೋಯಿಸಿಕೊಂಡು ಬಿಚ್ಚಿಟ್ಟ ಒರೆಗಳು. ಬಿಸಾಡಲು ಮನಸ್ಸು ಬರುವುದಿಲ್ಲ; ಬೇರೆಯವರ ಸೊಂಟ ಕಂಡರೆ ಬಿಡುವುದೂ ಇಲ್ಲ.

"ಇದನ್ನ ಹಾಕು. ಪ್ಲಾಸ್ಟಿಕ್ಕು. ಹಕ್ಕಿಯಷ್ಟು ಹಗುರ," ಎಂದ ಓಡೆಲ್.

ಹಿಂದಿನ ಕೋಣೆಯಲ್ಲಿ ಗುಂಡು ತೆಗೆದಿಟ್ಟು, ಎರಡೆರಡು ಸಲ ನೋಡಿ, ಲಿಂಡೆಲ್ ಅದನ್ನು ಬೆಲ್ಟಿಗೆ ಸಿಕ್ಕಿಸಿ ಅಂಗಿ ಇಳಿಬಿಟ್ಟ. ಅಂಗಿ ಇಳಿಯಲಿಲ್ಲ. ಬಲಗಡೆ ಡೇರೆ ಹೊಡೆದ ಹಾಗೆ ನಿಂತುಕೊಂಡಿತು.

"ಸ್ವಲ್ಪ ಕಾಣತ್ತೆ ಅಲ್ವಾ?"

"ಸ್ವಲ್ಪ ಏನಲ್ಲ. ಇಸ್ತ್ರಿ ಪೆಟ್ಟಿಗೆ ಕದ್ದು ಬಂದೋನ ಹಾಗಿದೀಯ," ಎಂದ ಓಡೆಲ್, ಯಾವ ನಾಚಿಕೆಯೂ ಇಲ್ಲದೆ. "ಹಾಗಾದ್ರೆ ಚರ್ಮದ್ದು ತಗೋ. ಹೊಸದು. ಕಟ್ಟಿ ಕಟ್ಟಿ ಪಳಗಿಸ್ಬೇಕು."

ಚರ್ಮದ್ದು ಮೈಗೆ ಅಂಟಿ ಕೂತಿತು. ನೋವೂ ಇಲ್ಲ. ಲಿಂಡೆಲ್ ಖುಷಿಯಿಂದ ಅಂಗಡಿಯ ಮುಂಭಾಗಕ್ಕೆ ನಡೆದ. ಕಿರ್ರ್, ಎಂದಿತು ಸೊಂಟ. ಇನ್ನೊಂದು ಹೆಜ್ಜೆಗೆ ಇನ್ನೊಂದು ಕಿರ್ರ್.

ಕುದುರೆ ಮೇವಿಗೆ ಬಂದಿದ್ದ ಮುದುಕನೊಬ್ಬ ಕಿವಿ ನೆಟ್ಟಗೆ ಮಾಡಿದ. "ನಿಮ್ಮಲ್ಲಿ ಇಲಿ ಇದೆ."

"ಇಲ್ಲಪ್ಪ," ಎಂದ ಲಿಂಡೆಲ್, ಅಲುಗಾಡದೆ.

"ಇದೆ ಅಂದ್ನಲ್ಲ. ಈಗ ಸುಮ್ಮನಾಯ್ತು ನೋಡು. ಕಿಲಾಡಿ. ನಾವು ಮಾತಾಡೋದು ಅದಕ್ಕೆ ಕೇಳಿಸ್ತಿದೆ."

ಲಿಂಡೆಲ್ ಮೂಟೆ ಎತ್ತಲು ಬಗ್ಗಿದ. ಇಲಿಯ ಸಂಸಾರಕ್ಕೆ ಸಂಸಾರವೇ ಅಳತೊಡಗಿತು. ಮುದುಕ ಶಬ್ದದ ಜಾಡು ಹಿಡಿದು ಅವನ ಹಿಂದೆ ಹಿಂದೆಯೇ ಗೊಬ್ಬರದ ಸಾಲು ಸುತ್ತಿ, ಬೀಜದ ಸಾಲು ಸುತ್ತಿ, ಕೊನೆಗೆ ಕಪಾಟಿನಿಂದ ಒಂದು ಇಲಿಬೋನು ತೆಗೆದು ಲಿಂಡೆಲನ ಕೈಗೇ ಕೊಟ್ಟ. "ಮಾರೋದಷ್ಟೇ ಅಲ್ಲ ಕಣಯ್ಯ, ಇಡ್ಲೂಬೇಕು," ಎಂದು ಬುದ್ಧಿ ಹೇಳಿ ಹೋದ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಪಕ್ಕದ ಮನೆಯ ಗಾರ್ಲಂಡ್ ಬೇಲಿಗೆ ಒರಗಿ ಕಾಯುತ್ತಿದ್ದ. ಪಕ್ಕದಲ್ಲಿ ಅವನದೊಂದು ಪೆಟ್ಟಿಗೆ. ಹೆಂಡತಿಯರು ಮಾತಾಡಿಕೊಂಡಿದ್ದರು ಎಂಬುದು ಸ್ಪಷ್ಟವಾಗಿತ್ತು.

ಗಾರ್ಲಂಡ್ ಮೊದಲು ಬಟ್ಟೆಯದೊಂದು ಕೊಟ್ಟ. ಅದನ್ನು ಕಟ್ಟಿಕೊಂಡು ಲಿಂಡೆಲ್ ಎರಡು ಹೆಜ್ಜೆ ಇಟ್ಟ. ಪಿಸ್ತೂಲು ಹಸುವಿನ ಕೊರಳ ಗಂಟೆಯಂತೆ ತೂಗಿತು. ಮೂರನೆಯ ಹೆಜ್ಜೆಗೆ ಬೆಲ್ಟು ಸೋತು, ಪಿಸ್ತೂಲು, ಒರೆ, ಪ್ಯಾಂಟು ಮೂರೂ ಒಟ್ಟಿಗೆ ಮೊಣಕಾಲಿಗೆ ಇಳಿದವು. ಎದುರು ಮನೆಯ ಹೆಂಗಸು ಹೂಗಿಡಕ್ಕೆ ನೀರು ಬಿಡುತ್ತಿದ್ದವಳು ಪೈಪನ್ನು ತನ್ನ ಕಾಲಿಗೇ ಬಿಟ್ಟುಕೊಂಡಳು.

"ತಪ್ಪು ಒರೇದಲ್ಲ, ಬೆಲ್ಟಿಂದು," ಎಂದ ಗಾರ್ಲಂಡ್, ಬಹಳ ಹೊತ್ತು ನಕ್ಕು ಮುಗಿಸಿದ ಮೇಲೆ. "ಈ ರಿಬ್ಬನ್ನಿಗೆ ಬೆಲ್ಟು ಅಂತಾರೇನೋ? ತಡಿ."

ಒಳಗೆ ಹೋಗಿ, ಎರಡು ಪದರ ಹೊಲಿದ ಹಲಗೆಯಂಥ ಬೆಲ್ಟನ್ನೂ ಕಂದು ಬಣ್ಣದ ಹಳೆಯ ಚರ್ಮದ ಒರೆಯನ್ನೂ ತಂದ. ಒರೆ ಚಪ್ಪಟೆಯಾಗಿತ್ತು. ಎರಡೂ ಕಡೆ ಅಗಲವಾದ ಕಿವಿಗಳು, ಕಿವಿಗಳಲ್ಲಿ ಬೆಲ್ಟು ತೂರಲು ಸೀಳು. ವರ್ಷಗಟ್ಟಲೆ ಮೈಗೆ ಉಜ್ಜಿ ಮೆತ್ತಗಾಗಿತ್ತು.

"ನನ್ನ ಭಾವಮೈದುನಂದು. ಅವನನ್ನ ಕಂಡ್ರೆ ನಂಗಾಗಲ್ಲ. ಆದ್ರೆ ಒರೆ ವಿಷಯದಲ್ಲಿ ಸುಳ್ಳು ಹೇಳ್ಬಾರ್ದು. ಸೊಂಟದ ಮೂಳೆ ಇದೆಯಲ್ಲ, ಅದರ ಹಿಂದಕ್ಕೆ ಕಟ್ಟು. ಸ್ವಲ್ಪ ಮುಂದಕ್ಕೆ ಬಾಗಿರ್ಲಿ."

ಲಿಂಡೆಲ್ ಕಟ್ಟಿಕೊಂಡ. ನಿಂತ. ಕೂತ. ಬಗ್ಗಿ ಹುಲ್ಲು ಕಿತ್ತ. ಗಾಡಿ ಹತ್ತಿ ಇಳಿದ. ತಿವಿಯಲಿಲ್ಲ, ತೂಗಲಿಲ್ಲ, ಕಿರ್ರೆನ್ನಲಿಲ್ಲ. ಹೊಟ್ಟೆ ತನ್ನ ಪಾಡಿಗೆ ತಾನು ಮುಂದೆ ಆರಾಮಾಗಿ ಕೂತಿತ್ತು; ಪಿಸ್ತೂಲು ತನ್ನ ಪಾಡಿಗೆ ತಾನು ಹಿಂದೆ. ಒಳ್ಳೆಯ ನೆರೆಹೊರೆಯವರ ಹಾಗೆ.

"ಗಾರ್ಲಂಡ್," ಎಂದ ಲಿಂಡೆಲ್ ಅವನ ಕೈ ಹಿಡಿದು, "ನಿನ್ನ ಭಾವಮೈದುನ ದೇವರಂಥೋನು."

"ನೀನು ಅವನ ಜೊತೆ ಮೀನು ಹಿಡಿಯೋಕೆ ಹೋಗಿಲ್ಲ, ಅದಕ್ಕೇ," ಎಂದ ಗಾರ್ಲಂಡ್.

ಸಂಜೆ ದೊಗಲೆಯಾದ ಚೌಕಳಿ ಅಂಗಿ ತೊಟ್ಟು ಲಿಂಡೆಲ್ ಚರ್ಚಿನ ಊಟದ ಮನೆಗೆ ಬಂದ. ಬಾಗಿಲಲ್ಲೇ ಮಿಸ್ ಯೂಡೋರಾ ನಿಂತಿದ್ದಳು. ಗುಬ್ಬಚ್ಚಿಯಂಥ ಮುದುಕಿ, ಊರಿನ ಅರ್ಧ ಜನ ಹುಟ್ಟಿದ ದಿನವೇ ಅವಳ ತೋಳಲ್ಲಿ ಮಲಗಿದ್ದವರು. ಅವಳು ಅಪ್ಪಿದರೆ ಪಕ್ಕೆಲುಬು ಎಣಿಸಿದ ಹಾಗಾಗುತ್ತಿತ್ತು.

"ಬಾ ಮಗಾ," ಎಂದು ಬಿಗಿದಪ್ಪಿದಳು. ಲಿಂಡೆಲ್ ಉಸಿರು ಹಿಡಿದ. ಮುದುಕಿ ಬೆನ್ನು ತಟ್ಟಿ, "ಕೋಳಿ ಬಿಸಿಯಾಗಿದೆ, ಹೋಗು," ಎಂದಳು. ಅಷ್ಟೇ. ಪಾದ್ರಿಯ ಹೆಂಡತಿ ಅಪ್ಪಿದಳು. ಹಾಡಿನ ಗುಂಪಿನ ಹೆಂಗಸರು ಸಾಲಾಗಿ ಅಪ್ಪಿದರು. ಯಾರ ಮುಖದಲ್ಲೂ ಒಂದು ಗೆರೆ ಬದಲಾಗಲಿಲ್ಲ.

ಅವನು ಕರಿದ ಕೋಳಿ ತಿಂದ, ಹುರುಳಿಕಾಯಿ ತಿಂದ, ಜೋಳದ ರೊಟ್ಟಿ ತಿಂದ, ಬಾಳೆಹಣ್ಣಿನ ಪುಡ್ಡಿಂಗನ್ನು ಎರಡು ಸಲ ಹಾಕಿಸಿಕೊಂಡ. ಒಮ್ಮೆಯೂ ಪ್ಯಾಂಟು ಎತ್ತಿಕೊಳ್ಳಲಿಲ್ಲ. ವರ್ಲೀನ್ ಮೇಜಿನಾಚೆಯಿಂದ ಅವನನ್ನು ನೋಡಿ ಮದುವೆಯ ಹೊಸತರಲ್ಲಿ ನಗುತ್ತಿದ್ದ ಹಾಗೆ ನಕ್ಕಳು.

ಊಟ ಮುಗಿದ ಮೇಲೆ ಹಾಯ್ಟ್ ಪರೀಕ್ಷೆಗೆ ಬಂದಿದ್ದ ಮೂವರನ್ನೂ ಕಾಫಿ ಪಾತ್ರೆಯ ಬಳಿಗೆ ಕರೆದ. ಮೊದಲು ನಲ್ಲಿ ರಿಪೇರಿಯವನ ಕಡೆ ತಿರುಗಿದ. "ನಿಂದು ಬೆನ್ನ ಹಿಂದೆ. ಕೂತ್ಕೊಂಡಾಗ ಕುರ್ಚಿಗೆ ಟಣ್ ಅಂತು. ಔಟ್." ಆಮೇಲೆ ಶಾಲೆಯ ಬಸ್ ಓಡಿಸುವವನ ಕಡೆ. "ನಿಂದು ಕಣಕಾಲಲ್ಲಿ. ಬರೋವಾಗ ನೆಟ್ಟಗಿದ್ದೋನು ಪುಡ್ಡಿಂಗ್ ಹೊತ್ತಿಗೆ ಕುಂಟ್ತಿದ್ದೆ. ಔಟ್."

ಕೊನೆಗೆ ಲಿಂಡೆಲನ ಸರದಿ. ಹಾಯ್ಟ್ ಅವನ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ತಲೆಯಾಡಿಸಿದ.

"ಬೇಜಾರಾಗತ್ತೆ ಬ್ರದರ್ ಲಿಂಡೆಲ್. ಇವರಿಬ್ಬರು ತಂದಾದ್ರೂ ತಂದ್ರು. ನೀನು ಬರೀ ಸೊಂಟದಲ್ಲಿ ಬಂದಿದೀಯ."

"ಇಲ್ಲ, ತಂದಿದೀನಿ," ಎಂದು ಪಿಸುಗುಟ್ಟಿದ ಲಿಂಡೆಲ್.

"ನಂಗೆ ಕಾಣ್ತಿಲ್ಲ."

"ಕಾಣ್ಬಾರ್ದು ಅಂತ ನೀವೇ ಹೇಳಿದ್ದಲ್ವಾ?"

"ಮೂವತ್ತು ವರ್ಷದ ಅನುಭವ ನಂದು. ಇದ್ದಿದ್ರೆ ನಂಗೆ ಕಾಣ್ಲೇಬೇಕಿತ್ತು. ಸುಳ್ಳು ಹೇಳ್ಬೇಡ, ಚರ್ಚಲ್ಲಿದೀವಿ."

ಸುಳ್ಳುಗಾರ ಎಂದ ಕೂಡಲೇ ಲಿಂಡೆಲನ ತಾಳ್ಮೆಯ ಬೆಲ್ಟು ಹರಿಯಿತು. "ನನ್ನ ಸೊಂಟದಲ್ಲಿ ಪಿಸ್ತೂಲಿದೆ!" ಎಂದು ಅವನು ಕೂಗಿದ್ದು ಆಚೆ ರಸ್ತೆಯ ನಾಯಿಗೂ ಕೇಳಿಸಿ ಅದು ಬೊಗಳಿತು. ಇಡೀ ಊಟದ ಮನೆ ಇತ್ತ ತಿರುಗಿತು. ಯಾರದೋ ಚಮಚ ಕೆಳಗೆ ಬಿತ್ತು.

ಹಾಯ್ಟ್ ನಿಧಾನವಾಗಿ ನಿಟ್ಟುಸಿರು ಬಿಟ್ಟ. "ಮುಚ್ಚಿಡೋದು ಅಂದ್ರೆ ಬಾಯೂ ಸೇರಿ, ಬ್ರದರ್. ಈಗ ಎಲ್ಲರಿಗೂ ಗೊತ್ತಾಯ್ತು. ಔಟ್."

"ಈಗ ಗೊತ್ತಾಯ್ತಾ?" ಎಂದಿತು ಒಂದು ಸಣ್ಣ ದನಿ. ಮಿಸ್ ಯೂಡೋರಾ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದಳು. "ನಂಗೆ ಬಾಗಿಲಲ್ಲೇ ಗೊತ್ತಾಗಿತ್ತಲ್ಲಪ್ಪ. ಬಲಗಡೆ, ಮೂಳೆ ಹಿಂದೆ. ಮೆತ್ತಗಿನ ಚರ್ಮ. ಒಳ್ಳೇ ಒರೆ ಮಗಾ, ಬಿಡ್ಬೇಡ ಅದನ್ನ."

"ನಂಗೂ ಗೊತ್ತಾಗಿತ್ತು," ಎಂದಳು ಪಾದ್ರಿಯ ಹೆಂಡತಿ ಸಂಕೋಚದಿಂದ. ಹಾಡಿನ ಗುಂಪಿನವರು ಒಬ್ಬರಾದ ಮೇಲೊಬ್ಬರು ಕೈ ಎತ್ತಿದರು.

"ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ?" ಎಂದ ಹಾಯ್ಟ್.

"ಇನ್ನೊಬ್ಬರ ಸೊಂಟದ ವಿಷಯ ಊಟದ ಮನೇಲಿ ಮಾತಾಡೋಕೆ ನಾವೇನು ಮರ್ಯಾದೆ ಬಿಟ್ಟೋರಾ?" ಎಂದಳು ಮುದುಕಿ. "ಯಾರ್ಯಾರದು ಎಲ್ಲೆಲ್ಲಿರತ್ತೆ ಅಂತ ನಂಗೆಲ್ಲ ಗೊತ್ತು. ನಿಂದು ಯಾವಾಗ್ಲೂ ಎಡಗಡೆ ಹಾಯ್ಟ್. ಇವತ್ತು ಇಲ್ಲ."

ಹಾಯ್ಟ್ ನಕ್ಕ. ನಗುತ್ತಲೇ ಎಡ ಸೊಂಟ ತಟ್ಟಿಕೊಂಡ. ನಗು ಅಲ್ಲಿಗೇ ನಿಂತಿತು. ಬಲ ಸೊಂಟ ತಟ್ಟಿಕೊಂಡ. ಬೆನ್ನು ತಟ್ಟಿಕೊಂಡ. ಅವನ ಹೆಂಡತಿ ಮೂಲೆಯಿಂದಲೇ, "ಸ್ನಾನದ ಮನೆ ಕಪಾಟಿನ ಮೇಲೆ," ಎಂದಳು.

ಮುಂದಿನ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಭಾನುವಾರದಿಂದ ಬಾಗಿಲು ಮಿಸ್ ಯೂಡೋರಾಳದು. ಅವಳ ಬಳಿ ಆಯುಧವಿಲ್ಲವಲ್ಲ ಎಂದು ಯಾರೋ ಗೊಣಗಿದ್ದಕ್ಕೆ, "ನಂಗ್ಯಾಕೆ? ಸುತ್ತ ಇರೋ ಎಲ್ಲರ ಹತ್ರಾನೂ ಇದೆಯಲ್ಲ. ಎಲ್ಲಿದೆ ಅಂತಾನೂ ಗೊತ್ತು," ಎಂದಳು. "ಆದ್ರೆ ಅಪ್ಕೊಳ್ಳೋಕೆ ನಂಗೆ ಎರಡೂ ಕೈ ಬೇಕು. ನನ್ನ ಚೀಲ ಹಿಡ್ಕೊಳ್ಳೋಕೆ ಒಬ್ಬ ಬೇಕು." ಕಣ್ಣು ಕಿರಿದು ಮಾಡಿ ಗಂಡಸರ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. "ಲಿಂಡೆಲ್."

ಆರಿಸಿದಳು. ಎಲ್ಲರೆದುರು, ಎಲ್ಲರಿಗಿಂತ ಮೊದಲು. ಲಿಂಡೆಲ್ ಕೆಂಪಾದ.

ಅಭ್ಯಾಸವಾಗಲೆಂದು ಕೆಲಸ ಆಗಲೇ ಶುರುವಾಯಿತು. ಜನ ಮನೆಗೆ ಹೊರಟರು. ಮುದುಕಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಅಪ್ಪಿ ಕಳಿಸತೊಡಗಿದಳು. ಪಕ್ಕದಲ್ಲಿ ಲಿಂಡೆಲ್, ಬಲ ಹೆಗಲಿಗೆ ನೇರಳೆ ಹೂವಿನ ದೊಡ್ಡ ಚೀಲ. ಅದು ಕಲ್ಲಿನಷ್ಟು ಭಾರವಾಗಿತ್ತು. ತೂಗಿದಾಗಲೆಲ್ಲ ಸೊಂಟದ ಒರೆಗೆ ಗುದ್ದಿ ಪಿಸ್ತೂಲನ್ನು ಮೂಳೆಗೆ ಒತ್ತುತ್ತಿತ್ತು.

"ಏನಿದೆ ಇದರಲ್ಲಿ, ಮಿಸ್ ಯೂಡೋರಾ?"

"ಉಳಿದ ಬಾಳೆಹಣ್ಣಿನ ಪುಡ್ಡಿಂಗು. ಗಾಜಿನ ಪಾತ್ರೆ. ಹಾಯ್ಟ್ ಕಣ್ಣು ಹಾಕಿದಾನೆ, ಹುಷಾರು."

ಲಿಂಡೆಲ್ ಹಲ್ಲು ಕಚ್ಚಿ, ಎಡಗೈಯಿಂದ ಪ್ಯಾಂಟು ಮೇಲೆತ್ತಿಕೊಂಡು, ಕಣ್ಣಂಚಿನಲ್ಲಿ ಹಾಯ್ಟ್‌ನನ್ನು ನೋಡುತ್ತ ಎದೆ ಸೆಟೆಸಿ ನಿಂತ. ಹಿಂದಿನಿಂದ ವರ್ಲೀನ್ ಬಂದು ಅವನ ಕಾಲರು ಸರಿಮಾಡಿ ಕಿವಿಯಲ್ಲಿ ಹೇಳಿದಳು:

"ನೆಟ್ಟಗೆ ನಿಂತ್ಕೋ. ಚೆಲ್ಲತ್ತೆ."